ಕಡಲ ನೀರು, ಎಮ್ಮೆಯ ಉಪ್ಪು

ಮೀನನ್ನು ಕಂಡರೆ ನನಗೆ ಆಗುವುದಿಲ್ಲ. ತಿನ್ನದ ಮನೆತನದವನು, ಅದಕ್ಕೇ ಇರಬೇಕು ಎಂದು ಕೇಳಿದವರು ನಗುತ್ತಾರೆ. ಅದಕ್ಕಲ್ಲ. ತಿನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮೀನನ್ನು ಕೊಂದು ಮುಗಿಸುತ್ತಾರೆ. ನಾನು ಅದನ್ನು ಬದುಕಿಸಬೇಕಾಗಿತ್ತು. ಸಮುದ್ರವನ್ನು ಕಣ್ಣಿನಿಂದ ನೋಡದವನು, ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಊಟಿಯಲ್ಲಿ ಕೂತು, ಸಮುದ್ರದ ಮೀನಿಗೆ ಬಾಣಂತನ ಮಾಡಿದೆ. ಅದರಿಂದ ನಾನು ಕಳೆದುಕೊಂಡದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮದು ನೀಲಗಿರಿಯ ಸೋಲೂರಿನ ಬದಿಯ ಒಂದು ಹಟ್ಟಿ, ಲಿಂಗ ಕಟ್ಟಿದ ಬಡಗರ ಮನೆ. ನಮ್ಮ ಕಡೆಯ ಮನೆಗಳಲ್ಲಿ ಒಳಗೆ ಒಂದು ಹಾಲಿನ ಕೋಣೆ ಇರುತ್ತದೆ. ಹೆಂಗಸರು ಅದಕ್ಕೆ ಕಾಲಿಡುವಂತಿಲ್ಲ. ಎಮ್ಮೆ ಕರೆಯುವುದು, ಹಾಲು ಹೆಪ್ಪು ಹಾಕುವುದು, ಮಜ್ಜಿಗೆ ಕಡೆಯುವುದು ಎಲ್ಲ ಗಂಡಸರ ಕೆಲಸ, ಅದೂ ಮಡಿಯಲ್ಲಿರುವ ಗಂಡಸರದು. ನಮ್ಮ ಮನೆಯಲ್ಲಿ ಆ ಕೋಣೆ ಹಿರಿಯ ಮಗನಾದ ನನ್ನ ಪಾಲಿಗೆ ಬಂದಿತ್ತು. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ದನಗಳಿಗೆ ಉಪ್ಪು ಕೊಡುವ ಹಬ್ಬ ಬರುತ್ತದೆ. ಹಳ್ಳದ ದಂಡೆಯ ಜೇಡಿಮಣ್ಣಿನಲ್ಲಿ ಗುಂಡಿ ತೋಡಿ, ನೀರು ತುಂಬಿ, ಉಪ್ಪು ಕಲಸಿ, ಎಮ್ಮೆಗಳನ್ನು ಅಟ್ಟಿಕೊಂಡು ಬರುತ್ತಾರೆ. ಹಾಲಿನ ಕೋಣೆ ಯಾರದೋ ಅವನೇ ಮೊದಲು ಬೊಗಸೆಯಲ್ಲಿ ಉಪ್ಪುನೀರು ಎತ್ತಿ ಮುಂದಾಳು ಎಮ್ಮೆಯ ಬಾಯಿಗೆ ಹಿಡಿಯಬೇಕು. ಅದು ಕುಡಿದ ಮೇಲೆ ಉಳಿದವು ಗುಂಡಿಗೆ ಬಾಯಿ ಹಾಕುತ್ತವೆ. ಹೊರಗಿನವರಿಗೆ ಇದರಲ್ಲಿ ಏನೂ ಕಾಣಿಸದು. ನಮ್ಮ ಹಟ್ಟಿಯಲ್ಲಿ ಅದನ್ನು ಮಾಡುವವನೇ ಮನೆಯ ಮಗ, ಮಾಡದವನು ಮನೆಯಲ್ಲಿ ಊಟ ಮಾಡುವವನು, ಅಷ್ಟೇ.

ಕುನ್ನೂರಿನ ಪಾದ್ರಿಗಳ ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದೆನಾದ್ದರಿಂದ ಊಟಿಯ ಒಂದು ಬಂಗಲೆಯಲ್ಲಿ ರೈಟರ್ ಕೆಲಸ ಸಿಕ್ಕಿತು. ಶನಿವಾರ ಹಟ್ಟಿಗೆ ಹೋಗಿ ಬರುತ್ತಿದ್ದೆ, ನಾನಿಲ್ಲದ ದಿನ ಹಾಲಿನ ಕೋಣೆಯ ಕೆಲಸ ಅಪ್ಪ ನೋಡಿಕೊಳ್ಳುತ್ತಿದ್ದ. ಟೀ ತೋಟ ಮಾರಿ ಬಂದು ಕೂತಿದ್ದ ಮುದಿ ಇಂಗ್ಲಿಷ್ ದೊರೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಮಾಡಲು ಕೆಲಸವೂ ಇಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ಹಾಗೆ ಈತನಿಗೆ ಹಜಾರದಲ್ಲಿ ಸಮುದ್ರ ಸಾಕುವ ಹುಚ್ಚು ಹತ್ತಿತು. ಹಡಗಿನಲ್ಲಿ ಗಾಜಿನ ತೊಟ್ಟಿ ಬಂತು, ತಳಕ್ಕೆ ಕರಿಕಲ್ಲಿನ ಹಲಗೆ. ಕಲ್ಲಿಕೋಟೆಯಿಂದ ಮರದ ಪೀಪಾಯಿಗಳಲ್ಲಿ ಕಡಲ ನೀರು ಗೂಡಲೂರು ಘಾಟಿ ಹತ್ತಿ ಲಾರಿಯಲ್ಲಿ ಬಂತು. ಅದರ ಹಿಂದೆಯೇ ಅಗಲ ಬಾಯಿಯ ಡಬ್ಬಿಗಳಲ್ಲಿ ಮೀನು. ಹಳದಿ ಪಟ್ಟೆಯವು, ನೀಲಿ ಚುಕ್ಕೆಯವು, ಅಂಗೈ ಅಗಲದವು. ಚೆನ್ನಾಗಿದ್ದವು, ಇಲ್ಲವೆನ್ನುವುದಿಲ್ಲ. ಚೆನ್ನಾಗಿರುವುದೆಲ್ಲ ನಮ್ಮ ಮನೆಯೊಳಗೆ ಇರಬೇಕು ಎನ್ನುವುದು ಆ ಜನದ ಕಾಯಿಲೆ.

ನೋಡಿಕೊಳ್ಳುವುದು ಯಾರು? ಬಟ್ಲರನಿಗೆ ಅಡುಗೆಮನೆ ಇತ್ತು, ಮಾಲಿಗೆ ತೋಟ ಇತ್ತು. ರೈಟರನ ಕೈ ಖಾಲಿ ಕಂಡಿತು. ಕಾಗದ ಬರೆಯಲು ಬಂದವನ ಕೈಗೆ ದೊರೆ ಬಲೆ ಕೊಟ್ಟ. ತೊಟ್ಟಿಯ ಕೆಳಗೆ ಸೀಮೆಎಣ್ಣೆ ದೀಪ ಹಚ್ಚಿ ನೀರನ್ನು ಬೆಚ್ಚಗಿಡಬೇಕು, ತಿದಿ ಒತ್ತಿ ಗಾಳಿ ಊದಬೇಕು, ಸೀಗಡಿ ಜಜ್ಜಿ ತಿನ್ನಿಸಬೇಕು. ಲಿಂಗ ಹಿಡಿಯುವ ಕೈಯಲ್ಲಿ ಸೀಗಡಿ ಜಜ್ಜಿದೆ. ಬೇಡ ಎಂದು ಹೇಳಿದೆ. ಹಾಗಾದರೆ ಹಟ್ಟಿಗೆ ಹೋಗಿ ಆಲೂಗಡ್ಡೆ ಅಗೆ ಎಂದ.

ಮೊದಲ ಮೀನುಗಳು ಒಂದಷ್ಟು ದಿನ ಚೆನ್ನಾಗಿಯೇ ಇದ್ದವು. ಆಮೇಲೆ ದೊರೆ ಇನ್ನಷ್ಟು ತರಿಸಿ, ಡಬ್ಬಿಯಿಂದ ನೇರವಾಗಿ ತೊಟ್ಟಿಗೆ ಸುರಿದ. ವಾರ ತುಂಬುವ ಮೊದಲೇ ಹೊಸವು ಕಲ್ಲಿಗೆ ಮೈ ಉಜ್ಜತೊಡಗಿದವು. ರೆಕ್ಕೆ ಮಡಿಚಿಕೊಂಡು ಮೂಲೆ ಹಿಡಿದವು. ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಎದ್ದಿತು. ಹೊಸವುಗಳಿಂದ ಹಳೆಯವಕ್ಕೂ ಹತ್ತಿತು. ಬಾಯಿ ತೆರೆದುಕೊಂಡು ಮೇಲಕ್ಕೆ ಬಂದು, ಏದುಸಿರು ಬಿಟ್ಟು, ಹಳೆಯ ನಾಲ್ಕೈದರ ಹೊರತು ಎಲ್ಲ ಸತ್ತವು. ದೊರೆ ನನ್ನ ಕೈ ತೋರಿಸಿ, ಎಮ್ಮೆ ಮುಟ್ಟುವ ಈ ಕೊಳಕು ಕೈಯಿಂದಲೇ ರೋಗ ಬಂತು ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮನೆಗೆ ಹೋದರೆ ಮೀನಿನ ಕೈ, ಇಲ್ಲಿ ಎಮ್ಮೆಯ ಕೈ. ಆ ದಿನ ಅವನ ತೊಟ್ಟಿಯನ್ನು ಸುತ್ತಿಗೆಯಿಂದ ಒಡೆಯಬೇಕೆನ್ನಿಸಿತ್ತು.

ಬೇಸಗೆಯಲ್ಲಿ ಬೆಟ್ಟಕ್ಕೆ ಬಂದಿದ್ದ ಒಬ್ಬ ಹಡಗಿನ ಡಾಕ್ಟರು ದೊರೆಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಸಂಗತಿ ಕೇಳಿ ನಕ್ಕರು. ಹೊಸ ಮೀನನ್ನು ಹಳೆಯದರ ಜೊತೆ ಯಾರಾದರೂ ಹಾಗೆ ಬಿಡುತ್ತಾರೆಯೇ, ಬೇರೆ ಟಬ್ಬಿನಲ್ಲಿ ಒಂದು ತಿಂಗಳಾದರೂ ಇಟ್ಟು ನೋಡಬೇಕು ಎಂದರು. ಮರುದಿನವೇ ಹಿಂದಿನ ಸ್ನಾನದ ಮನೆ ಮೀನಿಗಾಯಿತು. ದೊರೆ ನಿಯಮ ಹೇಳಿದ. ಟಬ್ಬಿನ ಬಲೆ ಬೇರೆ, ತೊಟ್ಟಿಯ ಬಲೆ ಬೇರೆ. ಟಬ್ಬಿನ ಚೊಂಬು, ಟಬ್ಬಿನ ಬಟ್ಟೆ ಹಜಾರಕ್ಕೆ ಬರಕೂಡದು. ಮೊದಲು ತೊಟ್ಟಿಯ ಕೆಲಸ ಮುಗಿಸಬೇಕು, ಆಮೇಲೆ ಟಬ್ಬಿನದು. ಟಬ್ಬಿನಲ್ಲಿ ಅದ್ದಿದ ಕೈಯನ್ನು ತೊಳೆದು ಒಣಗಿಸದೆ ತೊಟ್ಟಿಗೆ ಹಾಕಕೂಡದು. ಒಂದು ಹನಿ ನೀರೂ ಅಲ್ಲಿಂದ ಇಲ್ಲಿಗೆ ಬೀಳಕೂಡದು.

ನಾನು ಕೇಳಿ ತಲೆಯಾಡಿಸಿದೆ. ಒಳಗೇ ನಗು ಬರುತ್ತಿತ್ತು. ಅವನ ಅಡುಗೆಮನೆಯ ನೀರು ಕುಡಿಯುವುದಿಲ್ಲವೆಂದು, ಮನೆಗೆ ಹೋಗುವ ಮುಂಚೆ ಹಳ್ಳದಲ್ಲಿ ಮುಳುಗುತ್ತೇನೆಂದು, ಊಟದ ಮೇಜಿನಲ್ಲಿ ನನ್ನನ್ನು ಕರೆದು ನಿಲ್ಲಿಸಿ ಅತಿಥಿಗಳನ್ನು ನಗಿಸುತ್ತಿದ್ದವನು ಈತ. ಈಗ ನಮ್ಮಜ್ಜಿಗಿಂತ ಕಟ್ಟುನಿಟ್ಟಾದ ಮಡಿ ಹೇಳುತ್ತಿದ್ದ. ನಮ್ಮದು ಮೂಢತನ, ಅವನದು ಸೈನ್ಸು.

ಆದರೆ ಮನೆಯಲ್ಲಿ ಆಗಲೇ ಕೆಟ್ಟುಹೋಗಿತ್ತು. ಬಟ್ಲರನಿಗೆ ನನ್ನನ್ನು ಕಂಡರೆ ಮೊದಲಿನಿಂದಲೂ ಆಗದು. ಬಂಗಲೆಗೆ ಆಲೂಗಡ್ಡೆ ಹಾಕಲು ಬಂದ ನಮ್ಮ ಹಟ್ಟಿಯವರೊಬ್ಬರಿಗೆ, ನಿಮ್ಮ ಲಿಂಗದ ರೈಟರ್ ದಿನಾ ಸೀಗಡಿ ಜಜ್ಜುತ್ತಾನೆ ಎಂದು ಹಲ್ಲು ಕಿರಿದು ಹೇಳಿದ. ಆ ಶನಿವಾರ ನಾನು ನಡೆದುಕೊಂಡು ಹಟ್ಟಿಗೆ ಹೋದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಹೊರಜಗಲಿಯಲ್ಲಿ ನನ್ನ ಚಾಪೆ ಹಾಸಿತ್ತು, ಪಕ್ಕದಲ್ಲಿ ಒಂದು ಬೇರೆ ತಟ್ಟೆ. ಹಾಲಿನ ಕೋಣೆ ಅಂದಿನಿಂದ ತಮ್ಮನದಾಯಿತು. ಅವನು ನನಗಿಂತ ಎರಡು ವರ್ಷಕ್ಕೆ ಚಿಕ್ಕವ, ಮಾತು ಕಡಿಮೆ. ತಲೆ ತಗ್ಗಿಸಿಕೊಂಡು ಒಳಗೆ ಹೋದ.

ಲಿಂಗ ಕಟ್ಟಿದವನಿಗೆ ಸೂತಕವಿಲ್ಲ ಎಂದು ಹಬ್ಬದ ದಿನ ಹಟ್ಟಿಗೆಲ್ಲ ಕೇಳುವ ಹಾಗೆ ಹೇಳುವವನು ನಮ್ಮಪ್ಪನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಕೆಲಸ ಬಿಡು ಎಂದು ಅವನು ಒಮ್ಮೆಯೂ ಹೇಳಲಿಲ್ಲ. ನಾನು ತರುವ ಎಣ್ಣೆ, ಬಟ್ಟೆ, ಬೆಲ್ಲ ಹೊಸ್ತಿಲು ದಾಟಬಹುದು, ನಾನು ದಾಟಬಾರದು. ಅವನ ಷರತ್ತು ಅವ್ವೆಯ ಮೂಲಕ ಬಂತು. ಮೀನು ಮುಟ್ಟುವುದನ್ನು ಬಿಟ್ಟ ಮೇಲೆ ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಹೊರಗೆ ಕಳೆಯಬೇಕು, ಅಯ್ಯನವರಿಂದ ತೀರ್ಥ ತೆಗೆದುಕೊಳ್ಳಬೇಕು, ಆಮೇಲೆ ಒಳಗೆ ಬರಬಹುದು. ಆ ವರ್ಷದ ಉಪ್ಪಿನ ಹಬ್ಬದಲ್ಲಿ ತಮ್ಮ ಬೊಗಸೆ ಎತ್ತಿದ. ನಾನು ದಂಡೆಯ ಮೇಲೆ ನೆಂಟರ ಜೊತೆ ನಿಂತು ನೋಡಿದೆ. ಮುಂದಿನ ಹಬ್ಬದಲ್ಲಿ ಅದು ನನ್ನ ಕೈಯೇ ಆಗಿರಬೇಕು ಎಂದು ಅಲ್ಲೇ ಹಟ ತೊಟ್ಟೆ.

ದೊರೆಯ ಹತ್ತಿರ ಮಾತಾಡಿದೆ. ಕಲ್ಲಿಕೋಟೆಯಿಂದ ಮೀನಿನವನನ್ನೇ ಒಬ್ಬನನ್ನು ಕರೆಸಿಕೊಳ್ಳಿ, ನನಗೆ ಕಾಗದದ ಕೆಲಸ ಮಾತ್ರ ಇರಲಿ ಎಂದೆ. ಮಳೆಗಾಲ, ಚಳಿಗಾಲ ಕಳೆಯುವವರೆಗೆ ನೋಡೋಣ ಎನ್ನುತ್ತಲೇ ಇದ್ದವನು ಕೊನೆಗೆ, ಈಗ ಬರುವ ಹೊಸ ಮೀನುಗಳು ಟಬ್ಬಿನಲ್ಲಿ ತಿಂಗಳು ಕಳೆದು ರೋಗವಿಲ್ಲದೆ ತೊಟ್ಟಿಗೆ ಹೋದರೆ ಆಗಲಿ ಎಂದ. ಅಲ್ಲಿಂದ ಆ ದರಿದ್ರ ಮೀನುಗಳ ಆಯುಸ್ಸಿಗೆ ನನ್ನ ಆಯುಸ್ಸು ಅಂಟಿಕೊಂಡಿತು.

ನನ್ನ ಸ್ವಾರ್ಥಕ್ಕೆ ನಾನು ಅವುಗಳನ್ನು ನೋಡಿಕೊಂಡೆ, ಪ್ರೀತಿಯಿಂದಲ್ಲ. ಡಬ್ಬಿ ಬಂದ ಕೂಡಲೇ ಸುರಿಯದೆ, ಡಬ್ಬಿಯನ್ನೇ ಟಬ್ಬಿನ ನೀರಿನಲ್ಲಿ ತೇಲಿಸಿಟ್ಟು ಎರಡರ ಬಿಸಿ ಒಂದಾಗುವವರೆಗೆ ಕಾದೆ. ಆಮೇಲೆ ಟಬ್ಬಿನ ನೀರನ್ನು ಚೂರುಚೂರಾಗಿ ಡಬ್ಬಿಗೆ ಸೇರಿಸುತ್ತಾ ಹೋದೆ. ಪಟ್ಟೆ ಮೀನು ಹೆದರದಿರಲೆಂದು ಒಡೆದ ಹೂಕುಂಡ ಮಗುಚಿ ಹಾಕಿ ಅಡಗಲು ಜಾಗ ಮಾಡಿದೆ. ಕಿಟಕಿಗೆ ಗೋಣಿ ಕಟ್ಟಿದೆ. ಚೂರೇ ತಿನ್ನಿಸಿ, ಉಳಿದದ್ದನ್ನು ಕೊಳೆಯುವ ಮುಂಚೆ ನಳಿಗೆಯಿಂದ ಹೀರಿ ತೆಗೆದೆ. ದೀಪದ ಬಿಸಿಗೆ ನೀರು ಆರುತ್ತಿತ್ತು. ಆರುವುದು ನೀರು, ಉಪ್ಪಲ್ಲ. ಅದಕ್ಕೆ ನೀರಿನ ಮಟ್ಟಕ್ಕೆ ಗೆರೆ ಹಾಕಿಟ್ಟು ಬರೀ ಸಿಹಿನೀರು ತುಂಬಬೇಕು ಎಂದು ಡಾಕ್ಟರು ಹೇಳಿಹೋಗಿದ್ದರು. ಬಟ್ಲರ್ ಒಮ್ಮೆ ನಾನಿಲ್ಲವೆಂದುಕೊಂಡು ಟಬ್ಬಿಗೆ ಸುರಿಯಲು ಅಡುಗೆ ಉಪ್ಪು ಕಲಸಿದ ನೀರು ಹೊತ್ತು ತಂದಿದ್ದ. ಬಾಗಿಲಲ್ಲೇ ಹಿಡಿದೆ. ಅವನ ಕೊರಳಪಟ್ಟಿ ನನ್ನ ಕೈಯಲ್ಲಿ ಉಳಿಯಿತು. ಒಂದು ಮೀನಿಗೆ ಚುಕ್ಕೆ ಎದ್ದಾಗ ದೊರೆ, ಡಾಕ್ಟರು ಹೇಳಿದ್ದ ಅಳತೆಯಲ್ಲಿ ಮೈಲುತುತ್ತ ಕರಗಿಸಿ ಹಾಕಿಸಿದ. ಚುಕ್ಕೆ ಇಳಿಯಿತು. ಆ ಮೀನಿಗಾಗಿ ನಾನು ಬೇಡಿಕೊಂಡಷ್ಟು ನನ್ನ ಜ್ವರಕ್ಕೂ ಬೇಡಿಕೊಂಡವನಲ್ಲ.

ತಿಂಗಳು ಮುಗಿಯಲು ಇನ್ನೇನು ಬಂದಿತ್ತು. ಒಂದು ಬೆಳಿಗ್ಗೆ ಸ್ನಾನದ ಮನೆಗೆ ಹೋದರೆ ಟಬ್ಬಿನಲ್ಲಿ ಒಂದು ಹೊಸ ಮೀನು, ಕರಿ ಮೂತಿಯದು, ಮಹಾರಾಜನ ಹಾಗೆ ಸುತ್ತುತ್ತಿತ್ತು. ಸ್ನೇಹಿತನೊಬ್ಬ ಕಳಿಸಿದನಂತೆ, ದೊರೆ ತಾನೇ ಬಿಟ್ಟನಂತೆ. ಹೊಸದು ಒಂದು ಸೇರಿದರೆ ಅದರ ರೋಗ ಎಲ್ಲಕ್ಕೂ ಬರಬಹುದು, ಆದ್ದರಿಂದ ಎಲ್ಲದರ ಲೆಕ್ಕ ಮತ್ತೆ ಮೊದಲಿನಿಂದ. ಇದು ಅವನೇ ಹೇಳಿಕೊಟ್ಟ ನಿಯಮ. ದೊರೆಗೆ ಹೇಳಿದರೆ, ಹೌದಲ್ಲ, ಮತ್ತೆ ಒಂದು ತಿಂಗಳು ನೋಡಿಕೋ ಎಂದು ಚುಟ್ಟಾ ಹಚ್ಚಿದ. ನನ್ನ ಒಂದು ತಿಂಗಳು ಅವನಿಗೆ ಒಂದು ಚುಟ್ಟಾದ ಹೊಗೆ. ಅವನ ಮೇಲೆ ನನಗೆ ಅಷ್ಟು ದ್ವೇಷ ಹಿಂದೆಂದೂ ಬಂದಿರಲಿಲ್ಲ.

ಆದರೂ ಮಾಡಿ ಮುಗಿಸಿದೆ. ಒಂದೂ ಸಾಯಲಿಲ್ಲ. ಎಲ್ಲವೂ ಹಜಾರದ ತೊಟ್ಟಿಗೆ ಹೋದವು, ಹಳೆಯವಕ್ಕೆ ಏನೂ ಹತ್ತಲಿಲ್ಲ. ಕಲ್ಲಿಕೋಟೆಯ ಮೀನಿನವನು ಬಂದು ಬಲೆ ತೆಗೆದುಕೊಂಡ. ಹಬ್ಬಕ್ಕೆ ತಿಂಗಳಿಗಿಂತ ತುಸು ಹೆಚ್ಚು ದಿನ ಉಳಿದಿತ್ತು. ರಜೆ ಕೇಳಿ, ಸೀಗೆಕಾಯಿಯಿಂದ ಕೈ ಉಜ್ಜಿ ಉಜ್ಜಿ ತೊಳೆದು, ಹಟ್ಟಿಗೆ ಹೋಗಿ ಹುಣ್ಣಿಮೆಯ ದಿನ ಜಗಲಿಯಲ್ಲಿ ಕೂತೆ. ಟಬ್ಬಿಗೆ ಬಿದ್ದವನು ಈಗ ನಾನು. ಅಪ್ಪ ದಿನಕ್ಕೆರಡು ಸಲ ನನ್ನ ಮುಂದೆ ಹಾದುಹೋಗುತ್ತಿದ್ದ, ಮುಖ ನೋಡುತ್ತಿರಲಿಲ್ಲ. ತಟ್ಟೆಯನ್ನು ಅವ್ವೆ ನೆಲದ ಮೇಲೆ ಇಟ್ಟು ದೂರ ಸರಿಯಬೇಕಿತ್ತು. ದೊಡ್ಡಿಯ ಬದಿಗೂ ನನ್ನನ್ನು ಬಿಡುತ್ತಿರಲಿಲ್ಲ.

ನಡುವೆ ಅವ್ವೆಗೆ ಒಂದು ಯೋಚನೆ ಬಂತು. ಆಕೆ ಹಟ್ಟಿಯಿಂದ ಊಟಿಯಾಚೆಗೆ ಹೋದವಳಲ್ಲ. ಎಲ್ಲ ಹೊಳೆ ಹೋಗಿ ಸೇರುವುದು ಕಡಲಿಗೆ, ಎಲ್ಲ ಉಪ್ಪು ಹುಟ್ಟುವುದು ಕಡಲಿನಲ್ಲಿ, ಅದಕ್ಕಿಂತ ಮಡಿಯಾದ ನೀರು ಯಾವುದು ಎಂದು ಆಕೆಯ ಲೆಕ್ಕ. ಅಪ್ಪ ಹೊಲಕ್ಕೆ ಹೋಗಿದ್ದಾಗ ಜಗಲಿಯ ಹತ್ತಿರ ಬಂದು ಕೂತಳು.

"ಕಡಲುಗ ಮೈಲಿಗೆ ಇಲ್ಲೆ, ಮಗ. ಆ ನೀರ ಒಂದು ಪಾತ್ರೆ ತಾ. ಹಬ್ಬದಂದು ಎಮ್ಮೆ ಕುಡಿದರೆ ನಿನ್ನದೆಲ್ಲ ತೀರಿ ಹೋಗಲಿ."

ನನಗೂ ಅದು ಸರಿಯೆನ್ನಿಸಿತು. ಊಟಿಗೆ ನಡೆದು ಹೋಗಿ, ಇನ್ನೂ ಮುಚ್ಚಳ ತೆರೆಯದ ಪೀಪಾಯಿಯಿಂದ, ಮೀನಿನ ಗಾಳಿಯೂ ಸೋಕದ ನೀರನ್ನು ಹೊಸ ತಗಡಿನ ಡಬ್ಬಿಯಲ್ಲಿ ತುಂಬಿಸಿಕೊಂಡು ತಂದೆ. ಜಗಲಿಯ ಮೂಲೆಯಲ್ಲಿಟ್ಟೆ. ಅಪ್ಪ ಬಂದವನೇ ಮೂಗು ಸಿಂಡರಿಸಿ ನೋಡಿ, ಏನೆಂದು ಕೇಳಿದ. ಅವ್ವೆ ಹೇಳಿದಳು. ಅಪ್ಪನ ಮುಖ ಕಪ್ಪಾಯಿತು.

"ಕಡಲು ಎಂದರೆ ಮೀನುಗ ಮನೆ. ಮೀನ ಮನೆ ನೀರ ಎನ್ನ ಎಮ್ಮೆಗ ತಂದಿಯಾ?"

ಅದುವರೆಗೆ ಎದುರು ಮಾತಾಡದಿದ್ದವನು ಮಾತಾಡಿದೆ. "ನಿಂಗ ಸಂತೆಯಿಂದ ತಂದ ಉಪ್ಪು ಎಲ್ಲಿ ಹುಟ್ಟಿತು, ಅಪ್ಪ? ಅದೂ ಆ ಮನೆಯದೇ."

ಅಟ್ಟದ ಮೇಲೆ ಹಬ್ಬದ ಉಪ್ಪಿನ ಬುಟ್ಟಿ ಇತ್ತು. ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ. ಉತ್ತರವಿಲ್ಲದವನ ಸಿಟ್ಟು ಉತ್ತರವಿರುವವನ ಸಿಟ್ಟಿನ ಎರಡರಷ್ಟು. ಡಬ್ಬಿಯನ್ನು ಕಾಲಿನಿಂದ ಒದ್ದು, ಅಂಗಳದ ತುಂಬ ನೀರು ಚೆಲ್ಲಿ, ಇಂದಿನಿಂದ ಮತ್ತೆ ಎಣಿಸು ಎಂದು ಒಳಗೆ ಹೋದ. ಮತ್ತೆ ಎಣಿಸಿದರೆ ಹಬ್ಬ ದಾಟಿಹೋಗುತ್ತಿತ್ತು. ಬೇಕೆಂದೇ ಮಾಡಿದ.

ಆ ಸಂಜೆ ಅವ್ವೆ ನನಗೆ ತಟ್ಟೆ ಇಟ್ಟು ದೂರ ಸರಿಯಲಿಲ್ಲ. ಒಳಗೆ ಹೋಗಿ ತನ್ನ ತಟ್ಟೆಯನ್ನೂ ತಂದು, ನನ್ನ ಎದುರಿಗೆ ಕೂತು, ನನ್ನ ತಟ್ಟೆಯಿಂದ ಒಂದು ತುತ್ತು ತೆಗೆದು ತಿಂದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಆಕೆ ಊಟ ಮುಗಿಸಿ ಜಗಲಿಯಲ್ಲೇ ಮಲಗಿದಳು. ನನ್ನ ತಟ್ಟೆಯಲ್ಲಿ ಉಂಡವಳೂ ಇನ್ನು ಹೊಸ್ತಿಲು ದಾಟುವಂತಿರಲಿಲ್ಲ, ಮಾರನೆಯ ದಿನ ಅಂಗಳದಲ್ಲೇ ಕಲ್ಲು ಹೂಡಿ ನಮ್ಮಿಬ್ಬರಿಗೆ ಗಂಜಿ ಕಾಯಿಸಿದಳು. ಒಳಗೆ ಒಲೆ ಹಚ್ಚುವವರು ಯಾರೂ ಇಲ್ಲದೆ ಅಪ್ಪನೂ ತಮ್ಮನೂ ಸುಟ್ಟ ಗೆಣಸು ತಿಂದುಕೊಂಡು ದಿನ ಕಳೆದರು. ನೆರೆಮನೆಯವರು ಬಂದು ನೋಡಿಕೊಂಡು ಹೋಗುತ್ತಿದ್ದರು. ಅಪ್ಪ ಜಗ್ಗುವವನಲ್ಲ ಎಂದುಕೊಂಡಿದ್ದೆ. ಹಬ್ಬದ ಬೆಳಿಗ್ಗೆ ಅಯ್ಯನವರನ್ನು ಕರೆತಂದು ಇಬ್ಬರಿಗೂ ತೀರ್ಥ ಕೊಡಿಸಿದ. ಉಪ್ಪಿನ ಬುಟ್ಟಿಯನ್ನು ನನ್ನ ಮುಂದೆ ದೊಪ್ಪನೆ ಇಟ್ಟು, ಹಳ್ಳಕ್ಕೆ ಹೋಗು ಎಂದ. ಪ್ರೀತಿಯಿಂದಲ್ಲ. ಗೆಣಸಿನ ಬೇಸರಕ್ಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಗೆದ್ದೆ ಎಂದೂ ಅಂದುಕೊಂಡೆ.

ಗುಂಡಿಯಲ್ಲಿ ನೀರು ತುಂಬಿತ್ತು. ಉಪ್ಪು ಸುರಿದು ಬೆತ್ತದಿಂದ ಕಲಸಿದೆ. ಹಟ್ಟಿಯವರೆಲ್ಲ ದಂಡೆಯ ಮೇಲೆ ನಿಂತಿದ್ದರು, ಹೋದ ವರ್ಷ ನಾನು ನಿಂತಿದ್ದ ಕಡೆ. ಎಮ್ಮೆಗಳು ಇಳಿದು ಬಂದವು. ಮುಂದಾಳು ಎಮ್ಮೆಯ ಕರುಗಳನ್ನೆಲ್ಲ ನಾನೇ ಹಿಡಿದು ಕುಡಿಸಿದ್ದೆ, ಅದರ ಕೆಚ್ಚಲು ನನ್ನ ಕೈಗೆ ಪಳಗಿತ್ತು. ಬೊಗಸೆ ತುಂಬ ಉಪ್ಪುನೀರು ಎತ್ತಿ ಅದರ ಬಾಯಿಗೆ ಹಿಡಿದೆ.

ಎಮ್ಮೆ ಮೂಸಿತು. ಬುಸ್ಸೆಂದು ಉಸಿರು ಬಿಟ್ಟು ತಲೆ ಹಿಂದಕ್ಕೆ ಎಳೆದುಕೊಂಡಿತು. ಇನ್ನೊಮ್ಮೆ ಹಿಡಿದೆ. ಎರಡು ಹೆಜ್ಜೆ ಹಿಂದೆ ಸರಿದು ಹೊಸಬನನ್ನು ನೋಡುವ ಹಾಗೆ ನೋಡಿತು. ಹಿಂದಿನ ಎಮ್ಮೆಗಳೂ ನಿಂತುಬಿಟ್ಟವು. ಮೀನಿನ ವಾಸನೆಯೋ, ಬಂಗಲೆಯ ಸಾಬೂನಿನದೋ, ನನಗೆ ಗೊತ್ತಿಲ್ಲ. ಒಂದು ವರ್ಷದ ಮೇಲಾಗಿತ್ತು ನನ್ನನ್ನು ಅದರ ಹತ್ತಿರ ಬಿಟ್ಟು. ತಮ್ಮ ಇಳಿದು ಬಂದು, ನನ್ನ ಮುಖ ನೋಡದೆ, ತನ್ನ ಬೊಗಸೆ ಹಿಡಿದ. ಎಮ್ಮೆ ಕುಡಿಯಿತು. ಉಳಿದವು ಗುಂಡಿಗೆ ಬಾಯಿ ಹಾಕಿದವು.

ಅಪ್ಪ ನನ್ನ ಪಕ್ಕಕ್ಕೆ ಬಂದು ನಿಂತ. ಈಗ ಆಡಿಕೊಳ್ಳುತ್ತಾನೆ ಎಂದು ನಾನು ಮಾತು ಸಿದ್ಧ ಮಾಡಿಕೊಂಡೆ, ಅವನ ಗೆಣಸಿನಿಂದ ಹಿಡಿದು ಅವನ ಶಾಸ್ತ್ರದವರೆಗೆ. ಅವನು ಹೆಗಲ ಬಟ್ಟೆ ತೆಗೆದು ನನ್ನ ಒದ್ದೆ ಕೈಯನ್ನು ಹಿಡಿದು ಒರೆಸಿದ.

"ಬಿಡು, ಮಗ. ಎಮ್ಮೆಗ ಏನ ಗೊತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಟ್ಟಿಯವರೆಲ್ಲರ ಮುಂದೆ, ಅವನ ಕೈಯಲ್ಲಿ ನನ್ನ ಕೈ ಇರುವಾಗಲೇ, ನಾನು ಬಿಕ್ಕಿ ಬಿಕ್ಕಿ ಅತ್ತೆ. ಮಾರನೆಯ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅಪ್ಪ ತಮ್ಮನನ್ನೇ ಎಬ್ಬಿಸಿದ. ಒಳಮನೆಯಲ್ಲಿ ಎಚ್ಚರವಾಗಿಯೇ ಮಲಗಿದ್ದ ನಾನು ಏಳಲಿಲ್ಲ.